ತವರಿನ ಮೀನು

ಮೀನಿನ ಹರಿದ ರೆಕ್ಕೆ ಮತ್ತೆ ಬೆಳೆಯುವಾಗ ಮೊದಲು ಅದಕ್ಕೆ ಬಣ್ಣವಿರುವುದಿಲ್ಲ. ಕೆಂಪು ಹೊನ್ನಿನ ಬಾಲದ ತುದಿಗೆ ಯಾರೋ ನೀರನ್ನೇ ಇಷ್ಟು ಗಟ್ಟಿಮಾಡಿ ಅಂಟಿಸಿದಂತೆ ತೆಳುವಾದ ಅಂಚೊಂದು ಮೂಡುತ್ತದೆ. ಎದುರಿಗೆ ನಿಂತು ನೋಡಿದರೆ ಅದು ಕಾಣುವುದಿಲ್ಲ. ಮಧ್ಯಾಹ್ನ ಕಳೆದು ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುವ ಹೊತ್ತಿಗೆ ಗಾಜಿನ ತೊಟ್ಟಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಾಯಬೇಕು. ಮೀನು ಮೈ ತಿರುಗಿಸಿದಾಗ ಇಲ್ಲದ್ದೇನೋ ಇದೆ ಎಂಬಂತೆ ಅದು ಮಿಂಚುತ್ತದೆ, ಮರುಕ್ಷಣ ಮಾಯವಾಗುತ್ತದೆ. ಅದನ್ನು ನೋಡಲು ನನಗೆ ಕಲಿಸಿದವಳು ಅಂಬುಜ ಚಿಕ್ಕಮ್ಮ. ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿನ ಕಡೆ ವಾಲಿಸಿ, "ಕಂಡ್ತಾ?" ಎಂದು ಕೇಳುತ್ತಿದ್ದಳು. ಕಾಣದಿದ್ದರೂ ನಾನು ಕಂಡಿತು ಎನ್ನುತ್ತಿದ್ದೆ. ಸುಳ್ಳು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಗಲ್ಲ ಬಿಡದೆ ಇನ್ನೂ ಸ್ವಲ್ಪ ವಾಲಿಸುತ್ತಿದ್ದಳು.

ನಮ್ಮ ಊರಿನ ಪದ್ಧತಿಯೊಂದನ್ನು ಹೇಳದೆ ಮುಂದಿನದನ್ನು ಹೇಳಲಾಗದು. ಅಲ್ಲಿ ಹೆಣ್ಣಿಗೆ ಮಾತುಕತೆ ಮುಗಿದ ದಿನವೇ ತವರಿನ ನಡುಮನೆಗೆ ಒಂದು ಹೊನ್ನಮೀನು ಬರುತ್ತಿತ್ತು. ಮದುವೆಯವರೆಗೆ ಅದನ್ನು ಮದುವಣಗಿತ್ತಿಯೇ ತನ್ನ ಕೈಯಾರೆ ಸಾಕಬೇಕು. ಧಾರೆ ಮುಗಿದ ಮೇಲೆ ಗಾಜಿನ ಬೋಗುಣಿಯಲ್ಲಿ ಮೀನನ್ನು ಎತ್ತಿಕೊಂಡು ಗಂಡನ ಮನೆಯ ಹೊಸಿಲು ದಾಟಬೇಕು. ಆ ಮೀನಿನ ಮೈಯಲ್ಲಿ ಊನವಿರಕೂಡದು. ರೆಕ್ಕೆ ಹರಿದಿದ್ದರೆ ಅದು ವಾಸಿಯಾಗುವವರೆಗೆ ಮದುವೆ ನಿಲ್ಲುತ್ತಿತ್ತು. ವಾಸಿಯಾಗುವುದೂ ತವರಿನಲ್ಲೇ ಆಗಬೇಕು, ಬೇರೆಯವರ ಮನೆಯಲ್ಲಿ ಇಟ್ಟು ಗುಣಪಡಿಸಿದ ಮೀನು ತವರಿನದಾಗುವುದಿಲ್ಲ. ವೈದ್ಯ ಗೊತ್ತಿದ್ದವರು ಬಂದು ನೋಡಬಹುದು, ಉಪ್ಪು ಎಲೆ ಕೊಡಬಹುದು, ಅಷ್ಟೇ. ಕಾಯುವುದಕ್ಕೂ ಒಂದು ಮಿತಿಯಿತ್ತು. ಯುಗಾದಿ ಬಂದರೂ ಮೀನು ಗುಣವಾಗದಿದ್ದರೆ ಗಂಡಿನವರು ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಅದನ್ನು ಯಾರೂ ತಪ್ಪೆಂದು ಎಣಿಸುತ್ತಿರಲಿಲ್ಲ.

ಆ ವೈದ್ಯ ಗೊತ್ತಿದ್ದ ಮನೆ ನಮ್ಮದು. ಮೊದಲು ಅಜ್ಜಿ ಮಾಡುತ್ತಿದ್ದಳು. ಕಣ್ಣಿಗೆ ಮಂಜು ಕವಿದ ಮೇಲೆ ತನಗೆ ಗೊತ್ತಿದ್ದುದನ್ನೆಲ್ಲ ಚಿಕ್ಕಮ್ಮನ ಕೈಗೆ ದಾಟಿಸಿದಳು. ಗಾಯದ ಅಂಚು ಬೆಳ್ಳಗೆ ಹಿಂಜಿದ ಹತ್ತಿಯಂತಾದರೆ ಅದು ಕೊಳೆತ, ನಯವಾಗಿದ್ದರೆ ಬರೀ ಹರಕು. ಕೊಳೆತಕ್ಕೆ ಕಲ್ಲುಪ್ಪು ಬೇಕು, ಹರಕಿಗೆ ತಿಳಿನೀರು ಸಾಕು. ಮಣ್ಣಿನ ಗುಡಾಣದಲ್ಲಿ ಬಿಸಿಲಿಗಿಟ್ಟು ಆರಿಸಿದ ನೀರನ್ನು ದಿನವೂ ಸ್ವಲ್ಪ ಸ್ವಲ್ಪ ಬದಲಿಸಬೇಕು. ಒಣಗಿದ ಕಾಡುಬಾದಾಮಿಯ ಎಲೆಯನ್ನು ತೊಟ್ಟಿಯಲ್ಲಿ ನೆನೆಹಾಕಿದರೆ ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗಿ ಗಾಯಕ್ಕೆ ತಂಪು. ಎಲ್ಲಕ್ಕಿಂತ ಮೊದಲು ರೆಕ್ಕೆಯ ಬುಡ ನೋಡಬೇಕು. ಬುಡ ಉಳಿದಿದ್ದರೆ ರೆಕ್ಕೆ ಮರಳಿ ಬರುತ್ತದೆ. ಬುಡಕ್ಕೇ ಪೆಟ್ಟು ಬಿದ್ದಿದ್ದರೆ ಮನೆಯವರಿಗೆ ಆಸೆ ಹುಟ್ಟಿಸದೆ ಎದ್ದು ಬರಬೇಕು. ಹೀಗೆ ಎದ್ದು ಬರುವುದನ್ನೂ ಅಜ್ಜಿಯೇ ಕಲಿಸಿದ್ದಳು.

ನಾನು ಆ ಮನೆಯಲ್ಲಿ ಬೆಳೆದದ್ದು ಹೇಗೆಂದರೆ, ನನ್ನ ಅಮ್ಮ ಅಜ್ಜಿಯ ಹಿರಿಮಗಳು. ಅವಳ ಮೀನಿನಷ್ಟು ಚೆಂದದ ಮೀನು ಊರಿನಲ್ಲಿ ಮತ್ತೊಂದಿರಲಿಲ್ಲವಂತೆ. ಮೈಮೇಲೆ ಒಂದು ಗೀರೂ ಇಲ್ಲದೆ, ಬಾಲ ಹರಡಿದರೆ ಬೋಗುಣಿ ತುಂಬುತ್ತಿತ್ತಂತೆ. ಅದನ್ನು ಎತ್ತಿಕೊಂಡು ಹೋದ ಅಮ್ಮ ವರ್ಷ ತುಂಬುವುದರೊಳಗೆ ನನ್ನನ್ನು ಹೆತ್ತು, ಹೆರಿಗೆಮನೆಯಿಂದ ಹೊರಗೆ ಬರಲಿಲ್ಲ. ಸೂತಕ ಕಳೆದ ಮೇಲೆ ಅಪ್ಪನ ಮನೆಯವರು ನನ್ನನ್ನು ಅಜ್ಜಿಯ ಮಡಿಲಿಗೆ ಹಾಕಿದರು, ಜೊತೆಗೆ ಮೀನನ್ನೂ ಕೊಟ್ಟರು. ಒಂದು ಕಂಕುಳಲ್ಲಿ ಕೂಸು, ಇನ್ನೊಂದರಲ್ಲಿ ಬೋಗುಣಿ ಹಿಡಿದು ಅಜ್ಜಿ ಬೀದಿಯುದ್ದಕ್ಕೂ ನಡೆದು ಬಂದಳಂತೆ. ಆ ಮೀನು ಆಮೇಲೂ ಬಹಳ ಕಾಲ ಬದುಕಿತ್ತು. ಕೊನೆಯವರೆಗೂ ಅದರ ಮೈಮೇಲೆ ಒಂದು ಗೀರೂ ಬೀಳಲಿಲ್ಲ. ಇದನ್ನು ಅಜ್ಜಿ ಎಂದೂ ನನಗೆ ಹೇಳಲಿಲ್ಲ. ಬೀದಿಯ ಹೆಂಗಸರು ತಲೆ ಸವರುತ್ತ ಹೇಳಿದ ಚೂರುಗಳನ್ನು ನಾನೇ ಕೂಡಿಸಿಕೊಂಡೆ.

ಅಜ್ಜಿ ಹೇಳುತ್ತಿದ್ದುದು ಬೇರೆ ಕತೆಗಳನ್ನು. ಕೊಳದ ತಳದಲ್ಲಿ ಅಂಗಡಿಬೀದಿಯಿರುವ ಊರು, ಕೆಸರಿನಲ್ಲಿ ಹೂತ ಗಂಟೆಯನ್ನು ಮೂತಿಯಿಂದ ಬಾರಿಸುವ ಮುದಿ ಮೀನು, ನೆರಳನ್ನು ದಡದಲ್ಲಿ ಮರೆತು ಈಜಲು ಹೋದ ಹುಡುಗಿ. ನಾನು ತೊಟ್ಟಿಯ ಮುಂದೆ ಮಲಗಿ ಅವನ್ನೆಲ್ಲ ನೀರಿನೊಳಗೆ ಹುಡುಕುತ್ತಿದ್ದೆ. ಕರೆದರೆ ಓ ಎನ್ನುತ್ತಿರಲಿಲ್ಲ. "ಇದೂ ನೀರಿಗೆ ಸೇರಿದ್ದೇ," ಎಂದು ಚಿಕ್ಕಮ್ಮ ನನ್ನ ಜಡೆ ಎಳೆದು ಊಟಕ್ಕೆ ಎಬ್ಬಿಸುತ್ತಿದ್ದಳು.

ಚಿಕ್ಕಮ್ಮನಿಗೆ ಚಂದ್ರಮೌಳಿಯ ಜೊತೆ ಮಾತಾದಾಗ ನನಗೆ ಎಂಟು ತುಂಬಿರಲಿಲ್ಲ. ಅವರು ಊರಿನ ತೊಟ್ಟಿಗಳಿಗೆ ಗಾಜು ಕೂಡಿಸುವವರು. ನಮ್ಮ ನಡುಮನೆಯ ತೊಟ್ಟಿಯೂ ಅವರು ಮಾಡಿದ್ದೇ. ಅವರ ಹಿತ್ತಲಲ್ಲಿ ದೊಡ್ಡದೊಂದು ಕಾಡುಬಾದಾಮಿ ಮರವಿತ್ತು. ಮಾತಾದ ಮೇಲೆ ಎಲೆ ಕೊಡುವ ನೆಪದಲ್ಲಿ ಬರತೊಡಗಿದರು. ಹೊಸಿಲ ಆಚೆಯೇ ನಿಂತು, ಎಲೆಯ ಕಟ್ಟನ್ನು ನನ್ನ ಕೈಗೆ ಕೊಟ್ಟು, ಮೀನು ಹೇಗಿದೆ ಎಂದು ಕೇಳುವರು. ಕೇಳುತ್ತಿದ್ದುದು ನನ್ನನ್ನಾದರೂ ಉತ್ತರ ಬರುತ್ತಿದ್ದುದು ಒಳಗಿನಿಂದ. ಅವರ ಬೆರಳಿನಲ್ಲಿ ಸದಾ ಗಾಜು ಕೊಯ್ದ ಗಾಯ. ಒಮ್ಮೆ ಚಿಕ್ಕಮ್ಮ ಬಾಗಿಲ ಮರೆಯಿಂದಲೇ, "ಊರಿಗೆಲ್ಲ ಗಾಜು ಕೂಡಿಸೋರು ತಮ್ಮ ಬೆರಳು ಕೂಡಿಸ್ಕೊಳ್ಳೋದು ಕಲೀಲಿಲ್ವಾ, ಕೇಳೇ," ಎಂದಳು. ನಾನು ಕೇಳಿದೆ. ಅವರು ಬೆರಳನ್ನು ನೋಡಿಕೊಂಡು, "ಉಪ್ಪು ನೀರು ಹಾಕೋರು ಮನೆಗೆ ಬರ್ಲಿ ಅಂತ ಬಿಟ್ಟಿದೀನಿ," ಎಂದರು. ಚಿಕ್ಕಮ್ಮ ಆ ದಿನ ಸಾರಿಗೆ ಉಪ್ಪು ಹಾಕಲು ಮರೆತಳು. ಅಜ್ಜಿ ಹಾಗೆಯೇ ಉಂಡೆದ್ದಳು.

ಚಿಕ್ಕಮ್ಮನ ಮೀನಿನ ಬಾಲ ಮೊದಲ ಸಲ ಹರಿದದ್ದು ಮದುವೆಗೆ ಕೆಲವೇ ದಿನಗಳಿರುವಾಗ. ಬೆಳಿಗ್ಗೆ ಚೆನ್ನಾಗಿದ್ದ ಬಾಲ ಸಂಜೆಗೆ ಎರಡಾಗಿತ್ತು. ತೊಟ್ಟಿಯಲ್ಲಿ ಬೇರೆ ಮೀನಿರಲಿಲ್ಲ, ಚೂಪಾದ ಕಲ್ಲಿರಲಿಲ್ಲ. ಕಿಟಕಿಯಿಂದ ಬೆಕ್ಕು ನುಗ್ಗಿರಬೇಕು ಎಂದು ಅಕ್ಕಪಕ್ಕದವರು ತೀರ್ಮಾನಿಸಿದರು. ಚಿಕ್ಕಮ್ಮ ಅಳಲಿಲ್ಲ. ವಾಸಿಮಾಡುವುದು ತನಗೆ ಗೊತ್ತಿದೆ ಎಂಬ ಧೈರ್ಯ ಅವಳಿಗಿತ್ತು. ಕಿಟಕಿಗೆ ಜಾಲರಿ ಹೊಡೆಸಿ, ಎಲೆ ನೆನೆಹಾಕಿ, ನೀರು ಬದಲಿಸುತ್ತ ಕಾದಳು. ಬಣ್ಣವಿಲ್ಲದ ಅಂಚು ಮೂಡಿತು, ಬೆಳೆಯಿತು. ಅದಕ್ಕೆ ಕೆಂಪು ಇಳಿಯತೊಡಗಿ ಹೊಸ ಮುಹೂರ್ತ ಇಟ್ಟ ವಾರದಲ್ಲಿ ಬಾಲ ಮತ್ತೆ ಹರಿಯಿತು.

ಈ ಸಲ ಚಿಕ್ಕಮ್ಮ ಮೀನನ್ನು ಅಂಗೈಯ ನೀರಿನಲ್ಲಿ ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಬುಡಕ್ಕೆ ತಾಗಿಲ್ಲ," ಎಂದಳು. ಮೀನನ್ನು ನೀರಿಗೆ ಬಿಡುತ್ತ, "ಹೋದ ಸಲವೂ ತಾಗಿರ್ಲಿಲ್ಲ," ಎಂದಳು. ಅಜ್ಜಿ ಗೋಡೆಗೊರಗಿ ಬತ್ತಿ ಹೊಸೆಯುತ್ತಿದ್ದಳು. ಅವಳ ಬೆರಳು ನಿಲ್ಲಲಿಲ್ಲ.

ಆ ದಿನಗಳಲ್ಲೇ ಅಜ್ಜಿ ನನಗೊಂದು ಹೊಸ ಕತೆ ಹೇಳಿದಳು. ಒಂದು ಕೊಳದಲ್ಲಿ ತಾಯಿಮೀನು, ಅದಕ್ಕೆ ಎರಡು ಹೆಣ್ಣುಮಕ್ಕಳು. ಮಳೆಗಾಲದಲ್ಲಿ ಕೋಡಿ ಬಿದ್ದಾಗ ದೊಡ್ಡವಳು ಹೊಸ ನೀರಿನ ಜೊತೆ ಕುಣಿಯುತ್ತ ಹೋದಳು, ತಿರುಗಿ ಬರಲಿಲ್ಲ. ಮರುವರ್ಷ ಕೊಳ ತುಂಬತೊಡಗಿದಾಗ ಚಿಕ್ಕವಳ ರೆಕ್ಕೆ ಅದುರಲು ಶುರುವಾಯಿತು. ತಾಯಿ ಹತ್ತಿರ ಹೋಗಿ ಅವಳ ಬಾಲವನ್ನು ಕಚ್ಚಿ ಹರಿದಳು. ಕೋಡಿ ನಿಂತ ಮೇಲೆ ತಾನೇ ಪಾಚಿ ಮೆತ್ತಿ ವಾಸಿಮಾಡಿದಳು. ಮತ್ತೆ ನೀರು ಏರಿತು, ಮತ್ತೆ ಕಚ್ಚಿದಳು.

"ಮಗಳಿಗೆ ನೋವಾಗ್ಲಿಲ್ವಾ ಅಜ್ಜಿ?"

"ಆಯ್ತು, ಪುಟ್ಟಿ. ಕಚ್ಚಿದ ಬಾಯಿಗೂ ಆಯ್ತು."

"ಆಮೇಲೆ?"

"ಆಮೇಲೇನು, ಇಬ್ರೂ ಅಲ್ಲೇ ಇದಾರೆ."

ಇದೂ ಒಂದು ಕತೆಯೇ ಎಂದು ನನಗೆ ಸಿಟ್ಟು ಬಂತು. ಯಾರೂ ಎಲ್ಲಿಗೂ ಹೋಗದ ಕತೆ ನನಗೆ ರುಚಿಸುತ್ತಿರಲಿಲ್ಲ. ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಬಾದಾಮಿ ಎಲೆ ತೊಳೆಯುತ್ತಿದ್ದಳು. ಒಂದೇ ಎಲೆಯನ್ನು ಅದರ ನರಗಳು ಬಿಟ್ಟುಕೊಳ್ಳುವವರೆಗೂ ತೊಳೆಯುತ್ತಿದ್ದುದನ್ನು ನಾನು ನೋಡಿದೆ.

ಅದಾದ ಮೇಲೆ ಚಂದ್ರಮೌಳಿಯವರ ಸೋದರತ್ತೆ ಪುಟ್ಟಗೌರಮ್ಮ ಮೀನು ನೋಡಲು ಬಂದರು. ಆ ಮನೆಯ ಹಿರಿತಲೆ ಅವರೇ. ಬಾಲ ಮತ್ತೆ ಬೆಳೆದಿತ್ತು. ಆದರೆ ಬಣ್ಣ ಇನ್ನೂ ಇಳಿದಿರಲಿಲ್ಲ. ಅವರು ಬರುವಷ್ಟರಲ್ಲಿ ಕಿಟಕಿಯ ಬಿಸಿಲೂ ಸರಿದುಹೋಗಿತ್ತು. ತೊಟ್ಟಿಯ ಎದುರು ನಿಂತು ನೋಡಿ, ಅರ್ಧ ಬಾಲ ಎಲ್ಲಿ ಎಂದು ಕೇಳಿದರು. ಬಂದಿದೆ, ಕಾಣುತ್ತಿಲ್ಲ ಅಷ್ಟೇ, ಇನ್ನು ಕೆಲವು ದಿನಕ್ಕೆ ಕೆಂಪಾಗುತ್ತದೆ ಎಂದು ಚಿಕ್ಕಮ್ಮ ವಿವರಿಸಿದಳು. ನಾನು ಓಡಿಹೋಗಿ ಅವರ ಗಲ್ಲ ಹಿಡಿದು ವಾಲಿಸಲು ನೋಡಿದೆ. ಪುಟ್ಟಗೌರಮ್ಮ ನಕ್ಕು ನನ್ನ ಕೈ ಬಿಡಿಸಿಕೊಂಡರು. "ಊರಿನ ಮೀನಿಗೆಲ್ಲ ಬಾಲ ಬರಿಸೋ ಕೈ, ತಮ್ಮ ಮನೆ ಮೀನಿಗೇ ಯಾಕೋ ಸೋತ್ಬಿಡ್ತು ನೋಡಿ," ಎಂದು ಅಜ್ಜಿಯ ಕಡೆ ತಿರುಗಿ ಹೇಳಿದರು. ಅವರೇನೂ ಕೆಟ್ಟವರಲ್ಲ. ಯುಗಾದಿಯವರೆಗೆ ತಮಗೇನೂ ಅವಸರವಿಲ್ಲ ಎಂದು ಹೇಳಿ, ಅಜ್ಜಿ ಕೊಟ್ಟ ಎಲೆಯಡಿಕೆ ತೆಗೆದುಕೊಂಡು ಹೋದರು.

ಅವರು ಹೋದ ಮೇಲೆ ಒಂದು ಮಧ್ಯಾಹ್ನ ನಾನು ನಡುಮನೆಯ ನೆಲದ ಮೇಲೆ ಮಲಗಿ ತೊಲೆಗಳನ್ನು ನೋಡುತ್ತಿದ್ದೆ. ನೀರು ಅಲುಗಿದ ಸದ್ದಾಯಿತು. ನಾನು ತಿರುಗಿ ನೋಡಲಿಲ್ಲ, ಆ ಸದ್ದು ನನ್ನ ಕನಸಿನೊಳಗಿನದೇ ಇರಬೇಕು ಎಂದುಕೊಂಡೆ. ಚಿಕ್ಕಮ್ಮ ಹಿತ್ತಲಿನಿಂದ ಬಂದಳು. ಅಜ್ಜಿ ತೊಟ್ಟಿಯ ಪಕ್ಕದಲ್ಲಿ ಕುಳಿತಿದ್ದಳು. ಅವಳ ಬಲಗೈ ಮಡಿಲಲ್ಲಿ ಮಡಚಿಕೊಂಡಿತ್ತು, ಸೆರಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಚಿಕ್ಕಮ್ಮ ತೊಟ್ಟಿಯ ಕಡೆ ನೋಡಿದಳು. ಕೈಯಲ್ಲಿ ಉಣಿಸಿ ಅಭ್ಯಾಸವಾಗಿದ್ದ ಮೀನು ಇನ್ನೂ ಮೇಲೆಯೇ ಅಜ್ಜಿ ಕುಳಿತ ಕಡೆಗೆ ಬಾಯಿ ತೆರೆಯುತ್ತ ಮುಚ್ಚುತ್ತ ನಿಂತಿತ್ತು. ಬಾಲ ಹರಿದು ಜೋಲುತ್ತಿತ್ತು.

ಚಿಕ್ಕಮ್ಮ ಅಜ್ಜಿಯ ಮುಂದೆ ಮಂಡಿಯೂರಿ ಕುಳಿತು ಸೆರಗು ಹಿಂಡಿದಳು. "ನೀರು ಕುಡಿಯೋವಾಗ ಚೆಲ್ಕೊಂಡಿದೀಯ ನೋಡಮ್ಮ," ಎಂದಳು.

"ಹೌದೇನೋ," ಎಂದಳು ಅಜ್ಜಿ.

ಸುತ್ತ ಎಲ್ಲೂ ಲೋಟವಿರಲಿಲ್ಲ. ಅಷ್ಟು ಮಾತ್ರ ಆಗ ನನ್ನ ಕಣ್ಣಿಗೆ ಬಿತ್ತು. ಅಜ್ಜಿ ಯಾವುದರಲ್ಲಿ ಕುಡಿದಳು ಎಂದು ಯೋಚಿಸುತ್ತ, ಕೊಳದ ತಳದ ಅಂಗಡಿಬೀದಿಯಲ್ಲಿ ಕಾಣದ ಲೋಟಗಳನ್ನು ಮಾರುತ್ತಾರೇನೋ ಎಂದುಕೊಂಡೆ.

ಚಂದ್ರಮೌಳಿಯವರು ಮಾರನೆಯ ದಿನ ಬಂದರು. ಅಂದು ಹೊಸಿಲು ದಾಟಿ ಒಳಗೆ ಬಂದು, ತೊಟ್ಟಿಯ ಮುಂದೆ ಕುಳಿತು, ತಾವೇ ಕೂಡಿಸಿದ ಗಾಜಿನ ಮೇಲೆ ಬೆರಳಿಟ್ಟುಕೊಂಡು ನೋಡಿದರು. ಅಜ್ಜಿ ಒಳಕೋಣೆಯಲ್ಲಿ ಮಲಗಿದ್ದಳು. ಅವರು ದನಿ ತಗ್ಗಿಸಿದರು.

"ಅಂಬುಜಾ, ಮೀನನ್ನ ನಾನು ತಗೊಂಡು ಹೋಗ್ತೀನಿ. ಯುಗಾದಿವರೆಗೂ ನಮ್ಮ ಹಿತ್ತಲಲ್ಲಿ ಇಟ್ಕೋತೀನಿ. ಯಾರಿಗೂ ಹೇಳೋದು ಬೇಡ."

"ತವರಲ್ಲೇ ವಾಸಿಯಾಗ್ಬೇಕು ಅದು."

"ತವರಲ್ಲಿ ವಾಸಿಯಾಗಲ್ಲ. ಅದು ನಿನಗೂ ಗೊತ್ತು."

ಚಿಕ್ಕಮ್ಮ ಒಳಕೋಣೆಯ ಬಾಗಿಲ ಕಡೆ ನೋಡಿದಳು. ಅವಳ ಮುಖವನ್ನು ನಾನು ಇವತ್ತಿಗೂ ಓದುತ್ತಲೇ ಇದ್ದೇನೆ. ಅವಳಿಗೆ ಅವರ ಹಿಂದೆ ಹೋಗುವ ಆಸೆ ಇರಲಿಲ್ಲ ಎನ್ನುವುದು ಸುಳ್ಳಾದೀತು. ಆಸೆ ಮುಖದ ತುಂಬ ಇತ್ತು. ತೊಟ್ಟಿಯಲ್ಲಿ ಮೀನಿಲ್ಲ ಎಂದು ಕೈಯಾಡಿಸಿ ತಿಳಿದುಕೊಳ್ಳುವ ಒಬ್ಬ ಕುರುಡಿ ಮುದುಕಿಯೂ ಅವಳ ಕಣ್ಣ ಮುಂದೆ ಇದ್ದಿರಬೇಕು. ಮೀನು ಹೋಯಿತೆಂದರೆ ಮಗಳಿಗೆ ಎಲ್ಲ ಗೊತ್ತಾಗಿದೆ ಎಂದು ಆ ಮುದುಕಿಗೆ ಗೊತ್ತಾಗುತ್ತಿತ್ತು. ಆಮೇಲೆ ಆ ತಾಯಿ ಮಗಳಿಗೆ ಹೇಗೆ ಮುಖ ತೋರಿಸಿಯಾಳು, ಯಾವ ಬಾಯಿಯಿಂದ ಹರಸಿ ಕಳಿಸಿಯಾಳು?

"ಎಲೆ ಇಟ್ಟು ಹೋಗಿ," ಎಂದಳು ಚಿಕ್ಕಮ್ಮ. "ನಾನು ನೋಡ್ಕೋತೀನಿ."

ಅವರು ಕಟ್ಟನ್ನು ತೊಟ್ಟಿಯ ಪಕ್ಕ ಇಟ್ಟರು. ಹೊಸಿಲಲ್ಲಿ ಚಪ್ಪಲಿ ಮೆಟ್ಟಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ಯುಗಾದಿಗೆ ಪುಟ್ಟಗೌರಮ್ಮನವರೇ ಬೇವುಬೆಲ್ಲ ತಂದು, ಅಜ್ಜಿಯ ಕೈ ಹಿಡಿದುಕೊಂಡು, ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಅಜ್ಜಿ ತಲೆಯಾಡಿಸಿದಳು. ಆ ದಿನ ಅವಳು ಕತೆ ಹೇಳಲಿಲ್ಲ, ಮಾರನೆಯ ದಿನವೂ ಹೇಳಲಿಲ್ಲ. ನಾನು ಪೀಡಿಸಿದರೆ ನೆನಪಾಗುತ್ತಿಲ್ಲ ಎಂದಳು.

ಆಮೇಲೆ ಮೀನು ವಾಸಿಯಾಗತೊಡಗಿತು. ಯಾರೂ ವಿಶೇಷವಾಗಿ ಏನೂ ಮಾಡಲಿಲ್ಲ. ಓರೆ ಬಿಸಿಲಿನಲ್ಲಿ ಬಣ್ಣವಿಲ್ಲದ ಅಂಚು ಮಿಂಚಿತು, ಅಗಲವಾಯಿತು. ಕೆಂಪು ಬುಡದಿಂದ ನೂಲುನೂಲಾಗಿ ಇಳಿದು ತುದಿ ಮುಟ್ಟಿತು. ಮಳೆ ಶುರುವಾಗುವ ಹೊತ್ತಿಗೆ ಬಾಲ ಹರಡಿದರೆ ಹಿಂದೆಂದೂ ಇಲ್ಲದಷ್ಟು ದೊಡ್ಡದಾಗಿತ್ತು. ಮನೆಗೆ ಬಂದವರು ನೋಡಿ ಮಾತು ಬದಲಿಸುತ್ತಿದ್ದರು. ನನಗೆ ಎಲ್ಲ ಗೊತ್ತಾದದ್ದು ಆ ಬಾಲದಿಂದ. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ತೊಟ್ಟಿಯ ಮುಂದೆ ಮಲಗಿ ನೋಡುತ್ತ ನೋಡುತ್ತ ಒಂದು ದಿನ ನಾನು ಎದ್ದು ಕುಳಿತೆ. ಗೋಡೆಗೊರಗಿದ್ದ ಅಜ್ಜಿಯ ಬಲಗೈಯನ್ನು ನೋಡಿದೆ. ಅದು ನನಗೆ ಉಣಿಸಿದ, ಕತೆ ಹೇಳುತ್ತ ಗಂಟೆ ಬಾರಿಸಿ ತೋರಿಸಿದ, ಎಣ್ಣೆ ಹಚ್ಚಿ ತಲೆ ನೇವರಿಸಿದ ಕೈ. ನನಗೆ ಭಯವಾಗಲಿಲ್ಲ, ಹೋಗಿ ಆ ಕೈಯ ಕೆಳಗೆ ತಲೆಯಿಟ್ಟು ಮಲಗಿದೆ. ಅಜ್ಜಿ ಅದನ್ನು ಮೆಲ್ಲಗೆ ತೆಗೆದುಬಿಟ್ಟಳು.

ಆ ವರ್ಷವೇ ಚಂದ್ರಮೌಳಿಯವರಿಗೆ ಬೇರೆ ಕಡೆ ಮಾತಾಯಿತು. ಹೆಣ್ಣು ಕೆಳಬೀದಿಯ ಸುಲೋಚನಾ. ಮೆತ್ತಗಿನ ಹುಡುಗಿ, ಯಾರು ಮಾತಾಡಿಸಿದರೂ ಮೊದಲು ತಲೆ ತಗ್ಗಿಸುವವಳು. ಮದುವೆ ಹತ್ತಿರ ಬಂದಾಗ ಅವಳ ಮೀನಿನ ಬಾಲದ ಅಂಚು ಬೆಳ್ಳಗೆ ಹಿಂಜತೊಡಗಿತು. ಅವಳ ತಾಯಿ ನಮ್ಮ ಬಾಗಿಲಿಗೆ ಬಂದು ನಿಂತಳು. ಊರಿನಲ್ಲಿ ಕೊಳೆತ ತೆಗೆಯಬಲ್ಲವರು ಮತ್ತೊಬ್ಬರಿರಲಿಲ್ಲ.

ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟಳು. ದಿನವೂ ಹೋದಳು. ಬುಡ ನೋಡಿದಳು, ಉಪ್ಪು ಅಳೆದಳು, ಸುಲೋಚನಾಳಿಗೆ ನೀರು ಆರಿಸುವುದನ್ನು ಕಲಿಸಿದಳು. ಎಲೆ ಬೇಕಾದಾಗ ಕಾಡುಬಾದಾಮಿ ಮರವಿರುವ ಮನೆಗೆ ಆ ಹುಡುಗಿಯ ತಮ್ಮನನ್ನು ಕಳಿಸಿದಳು. ಒಂದು ಸಂಜೆ ಅಲ್ಲಿಂದ ಬಂದು ಕೈ ತೊಳೆಯುತ್ತಿರುವಾಗ ಅಜ್ಜಿ ಗೋಡೆಯ ಬದಿಯಿಂದ ಕೇಳಿದಳು.

"ಬಂತಾ ಬಾಲ?"

"ಬರ್ತಿದೆ. ಇನ್ನೂ ಬಣ್ಣ ಇಳಿದಿಲ್ಲ."

ಅಜ್ಜಿ ಹೊಸೆಯುತ್ತಿದ್ದ ಬತ್ತಿಯನ್ನು ಕೆಳಗಿಟ್ಟಳು. ಆಮೇಲೆ, "ಅಂಬೂ, ಅವರಿಗೆ ಹೇಳು. ತೊಟ್ಟಿಗೆ ಏನಾದ್ರೂ ಮುಚ್ಚಿಡ್ಲಿ. ನಾವೂ ಮುಚ್ಚಿಡ್ಬೇಕಿತ್ತು," ಎಂದಳು.

ಚಿಕ್ಕಮ್ಮನ ಕೈಯಿಂದ ನೀರು ಸುರಿಯುತ್ತಲೇ ಇತ್ತು. ಇಷ್ಟು ದಿನದಿಂದ ನಮ್ಮ ಮನೆಯಲ್ಲಿ ಉಸಿರು ಹಿಡಿದು ಕುಳಿತಿದ್ದ ಮಾತು ಬಾಗಿಲವರೆಗೆ ಬಂದು ನಿಂತಿತ್ತು. ಅವಳು ಒಂದು ಹೆಜ್ಜೆ ಇಟ್ಟಿದ್ದರೆ ಅದು ಒಳಗೆ ಬರುತ್ತಿತ್ತು.

"ಅವರ ಮನೇಲಿ ಬೆಕ್ಕಿಲ್ಲಮ್ಮ," ಎಂದಳು ಚಿಕ್ಕಮ್ಮ.

ಅಜ್ಜಿ ಮುಖ ಗೋಡೆಗೆ ತಿರುಗಿಸಿದಳು. ಕರುಣೆಯೂ ಕೆಲವು ಸಲ ಎಷ್ಟು ಗಟ್ಟಿಯಾಗಿ ಬಾಗಿಲು ಹಾಕುತ್ತದೆ ಎಂದು ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ. ಆ ಗಳಿಗೆಯಲ್ಲಿ ಅಜ್ಜಿ ಬೇಡಿದ್ದು ಬೈಗುಳವನ್ನು. ಅದೊಂದನ್ನು ಮಾತ್ರ ಚಿಕ್ಕಮ್ಮನಿಂದ ಕೊಡಲಾಗಲಿಲ್ಲ.

ಮದುವೆಯ ದಿನ ಸುಲೋಚನಾ ಬೋಗುಣಿಗೆ ಕೈ ಹಾಕಿ ಹಿಂದೆ ಸರಿದಳು. ಚೆಲ್ಲಿಬಿಟ್ಟೇನು ಎಂದು ಅಳತೊಡಗಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಚಿಕ್ಕಮ್ಮ ಗುಂಪಿನ ಹಿಂದಿನಿಂದ ಬಂದು ಬೋಗುಣಿಯನ್ನು ಎದೆಗವಚಿಕೊಂಡಳು. ಹೊಸಿಲವರೆಗೆ ನಾನು ಹಿಡಿದಿರುತ್ತೇನೆ, ದಾಟುವಾಗ ನೀನು ಹಿಡಿ ಎಂದಳು. ಕೆಳಬೀದಿಯಿಂದ ಗಂಡಿನ ಮನೆಯವರೆಗೂ, ಸೀರೆಯ ಮುಂಭಾಗ ನೆನೆಯುತ್ತಿದ್ದರೂ, ಅವಳು ಹೆಜ್ಜೆ ತಪ್ಪದೆ ನಡೆದಳು. ಚಂದ್ರಮೌಳಿಯವರು ತಲೆ ಎತ್ತಲಿಲ್ಲ. ಹೊಸಿಲ ಮುಂದೆ ಅವಳು ಬೋಗುಣಿಯನ್ನು ಸುಲೋಚನಾಳ ಕೈಗಿಟ್ಟು, ಆ ಹುಡುಗಿಯ ಬೆರಳುಗಳನ್ನು ಒಂದೊಂದಾಗಿ ಗಾಜಿಗೆ ಒತ್ತಿ ಕೂರಿಸಿದಳು. ಮೀನು ಬಾಲ ಹರಡಿತು. ಒಳಗಿನವರು ಆರತಿ ಎತ್ತಿದರು.

ನಾನು ಚಿಕ್ಕಮ್ಮನ ಹಿಂದೆಯೇ ಮನೆಗೆ ಬಂದೆ. ಅವಳು ಒಳಗೆ ಹೋಗಲಿಲ್ಲ, ಜಗುಲಿಯ ಮೆಟ್ಟಿಲ ಮೇಲೆ ಕುಳಿತಳು. ಅವಳ ಕೈಗಳು ಇನ್ನೂ ಇಳಿದಿರಲಿಲ್ಲ. ಹಿಡಿದದ್ದನ್ನು ಕೊಟ್ಟಾಗಿದೆ ಎಂದು ತೋಳುಗಳಿಗೆ ಯಾರೂ ಹೇಳಿಲ್ಲವೇನೋ ಎಂಬಂತೆ, ಎದೆಯ ಮುಂದೆ ದುಂಡಗೆ ಬಾಗಿಕೊಂಡು ಹಾಗೆಯೇ ನಿಂತಿದ್ದವು. ಅವುಗಳ ನಡುವೆ ಖಾಲಿ ಗಾಳಿ ಇತ್ತು. ನಾನು ಬಗ್ಗಿ, ಆ ತೋಳುಗಳ ಕೆಳಗಿನಿಂದ ನುಸುಳಿ, ಅದರೊಳಗೆ ಹೋಗಿ ಕುಳಿತೆ. ಅವಳ ಒದ್ದೆ ಸೀರೆ ನನ್ನ ಬೆನ್ನಿಗೆ ತಣ್ಣಗೆ ತಾಗಿತು. ಸ್ವಲ್ಪ ಹೊತ್ತಿನ ಮೇಲೆ ತೋಳುಗಳು ನನ್ನ ಸುತ್ತ ಮೆಲ್ಲಗೆ ಮುಚ್ಚಿಕೊಂಡವು.